ನಿಂತ ನೀರನ್ನು ನಂಬಬಹುದೇ?

ಮಕ್ಕಳೇ, ಜೋಗಿಮಟ್ಟಿಯ ಕಡೆ ಹೋದವರು ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ನಮ್ಮ ಜಿಲ್ಲೆಯ ಗಾಳಿ ಎಷ್ಟು ಜೋರು ಎಂಬುದಕ್ಕೆ ಅವೇ ಸಾಕ್ಷಿ. ಆ ಗಾಳಿಗೆ ನಾನು ನೀರಿನ ಮೇಲೆ ಸಿಕ್ಕಿಕೊಂಡ ಕಥೆ ಹೇಳುತ್ತೇನೆ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ನಿಮಗೆ ಗೊತ್ತಲ್ಲವೇ? ಇದನ್ನು ಮಾರಿಕಣಿವೆ ಎಂದೂ ಕರೆಯುತ್ತೇವೆ. ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿನ ಕೆಲಸ 1907ರಲ್ಲಿ ಮುಗಿಯಿತು. 1933ರಲ್ಲಿ ಇದರ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅದರ ಮರುವರ್ಷ, ಶಿವರಾತ್ರಿ ಕಳೆದು ಚಳಿ ಬಿಟ್ಟಿದ್ದ ಒಂದು ಬೆಳಿಗ್ಗೆ, ಪರಿಚಯದ ಮೀನುಗಾರರೊಬ್ಬರ ಹರಿಗೋಲು ಹತ್ತಿದೆ.

ನೀರು ಕನ್ನಡಿಯಂತಿತ್ತು. "ನಾನೂ ಹುಟ್ಟು ಹಾಕ್ತೀನಿ ಯಜಮಾನ್ರೇ" ಎಂದು ಪಕ್ಕದ ನೀರನ್ನು ಹಿಂದಕ್ಕೆ ತಳ್ಳಿದೆ. ಹರಿಗೋಲು ಮುಂದೆ ಹೋಗಲಿಲ್ಲ, ಬುಗುರಿಯಂತೆ ತಿರುಗಿತು! ಅವರು ನಕ್ಕು, "ಎದುರಿಗೆ ಹಾಕಿ ನಿಮ್ಮ ಕಡೆ ಎಳ್ಕೊಳ್ಳಿ ಮೇಷ್ಟ್ರೇ" ಎಂದರು. ಆಗ ಅದು ಮುಂದೆ ಸಾಗಿತು.

ಹೀಗೇಕೆ? ಹರಿಗೋಲು ಗುಂಡಗಿದೆ. ಅದು ತಿರುಗುವಾಗ ನೀರು ಹೆಚ್ಚು ತಡೆಯೊಡ್ಡುವುದಿಲ್ಲ. ಉತ್ತರ ಧ್ರುವದ ಬಳಿ ವಾಸಿಸುವ ಇನ್ಯೂಟ್ ಜನರ ದೋಣಿ ಕಯಾಕ್. ಅದು ಉದ್ದ, ಕಿರಿದು. ತಿರುಗಬೇಕಾದರೆ ಅದರ ಉದ್ದನೆಯ ಪಕ್ಕಗಳು ನೀರನ್ನು ತಳ್ಳಬೇಕು. ಆದ್ದರಿಂದ ಅದು ಸುಲಭವಾಗಿ ನೇರ ಸಾಗುತ್ತದೆ. ಇನ್ನೊಂದು ಸ್ವಾರಸ್ಯ ಕೇಳಿ. ಅವರು ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ನಮ್ಮವರು ಬಿದಿರಿನ ಚೌಕಟ್ಟಿಗೆ ದನ, ಎಮ್ಮೆಗಳ ಚರ್ಮ ಹೊದಿಸುತ್ತಿದ್ದರು. ಉಪಾಯ ಒಂದೇ, ಆಕಾರ ಬೇರೆ.

ಬಿಸಿಲೇರಿದಾಗ ಮೀನುಗಾರರು, "ಸಾಕು, ದಡಕ್ಕೆ ಹೋಗೋಣ" ಎಂದರು. "ಇನ್ನೊಂದು ಸ್ವಲ್ಪ ದೂರ" ಎಂದು ನಾನು ಹಟ ಮಾಡಿದೆ. ಹತ್ತೇ ನಿಮಿಷದಲ್ಲಿ ಗಾಳಿ ಎದ್ದಿತು. ಅಲೆಗಳು ಅಂಚು ದಾಟಿ ಒಳಗೆ ಬಂದವು. ಅವರು ಹುಟ್ಟು ಹಾಕಿದರು, ನಾನು ಚೊಂಬಿನಲ್ಲಿ ನೀರು ಎತ್ತಿ ಚೆಲ್ಲಿದೆ. ನನಗೆ ಈಜು ಬಾರದು. ಲೈಫ್ ಜಾಕೆಟ್ ಕೂಡ ಹಾಕಿರಲಿಲ್ಲ! ದಡ ಸೇರಿದಾಗ ಕೈಕಾಲು ನಡುಗುತ್ತಿದ್ದವು.

ಬಿಸಿಲಿಗೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಗಾಳಿಯ ಓಡಾಟ ಹೆಚ್ಚುತ್ತದೆ. ಇದನ್ನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೆನೋ! ಎಂಎಸ್ಸಿ ಓದಿದ ನನಗೆ ಹೊತ್ತಿಗೆ ನೆನಪಾಗಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ನೆನಪಿತ್ತು.

ಕೆನಡಾ, ಫಿನ್ಲೆಂಡ್‌ಗಳ ಸರೋವರಗಳಲ್ಲಿ ವಸಂತದ ಆರಂಭದಲ್ಲಿ ಹಿಮ ಕರಗಿದೊಡನೆ ಜನ ಕಯಾಕ್ ಇಳಿಸುತ್ತಾರೆ. ಹೊರಗೆ ಹಿತವಾದ ಬಿಸಿಲು, ನೀರು ನಿಶ್ಚಲ. ಆದರೆ ಗಾಳಿಯಷ್ಟು ಬೇಗ ನೀರು ಬಿಸಿಯಾಗುವುದಿಲ್ಲ. ಆಗಿನ್ನೂ ಅದರ ಉಷ್ಣತೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರಬಹುದು. ಅದರಲ್ಲಿ ಬಿದ್ದವರಿಗೆ ತಟ್ಟನೆ ಏದುಸಿರು ಬಂದು ನೀರು ಕುಡಿಯುವ ಅಪಾಯವಿದೆ. ಅದಕ್ಕೇ ಬಲ್ಲವರು ಬಿಸಿಲಿಗೆ ತಕ್ಕ ಬಟ್ಟೆಯನ್ನಲ್ಲ, ನೀರಿಗೆ ತಕ್ಕ ಬಟ್ಟೆಯನ್ನು ತೊಡುತ್ತಾರೆ.

ನೋಡಿದಿರಾ? ಅಲ್ಲಿ ತಣ್ಣನೆಯ ನೀರು, ಇಲ್ಲಿ ಗಾಳಿ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಕೆರೆ ಎಷ್ಟೇ ಶಾಂತವಾಗಿರಲಿ, ದೊಡ್ಡವರಿಲ್ಲದೆ ಇಳಿಯಬೇಡಿ. ದೋಣಿ ಹತ್ತುವ ಮುನ್ನ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ದೋಣಿಯವರು "ಸಾಕು" ಎಂದರೆ ಸಾಕು.

ಮಾಡಿ ನೋಡಿ: ಬಕೆಟ್ಟಿನ ನೀರಿನಲ್ಲಿ ಒಂದು ಗುಂಡನೆಯ ಡಬ್ಬಿಯ ಮುಚ್ಚಳ, ಒಂದು ಉದ್ದನೆಯ ಕಾಗದದ ದೋಣಿ ತೇಲಿಬಿಡಿ. ಎರಡರ ಅಂಚನ್ನೂ ಬೆರಳಿನಿಂದ ಮೆಲ್ಲಗೆ ತಳ್ಳಿ. ಯಾವುದು ಹೆಚ್ಚು ಸುತ್ತು ತಿರುಗಿತು? ಬರೆದಿಡಿ.