ಟೈಮ್‌ಶಿಫ್ಟ್ ಐತೆ ಬಿಡಣ್ಣ

ಊರ ಕಡೆ ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ಪ್ರಿಂಟರು, ಸಿಸಿ ಕ್ಯಾಮೆರಾ, ಡಿಶ್ ಆಂಟೆನಾ ಎಲ್ಲವನ್ನೂ ರಿಪೇರಿ ಮಾಡಬಲ್ಲ ಆಸಾಮಿ. ಇಲ್ಲದಿದ್ದರೆ ಬಿಇ ಓದಿದ್ದು ಯಾತಕ್ಕೆ? ಹೀಗಾಗಿ ಹೊಳೆನರಸೀಪುರದಿಂದ ಚಿಕ್ಕಪ್ಪನ ಮಗ ಕೆಲಸದ ಹೊತ್ತಿನಲ್ಲಿ ಫೋನ್ ಮಾಡಿದನೆಂದರೆ ಅದು ಅಂಗಡಿಯ ಕಂಪ್ಯೂಟರಿನ ವಿಷಯವೇ ಅಂತ ಗೊತ್ತಿರುತ್ತದೆ. ಅವನದು ಜೆರಾಕ್ಸ್, ಡಿಟಿಪಿ, ಫ್ಲೆಕ್ಸ್ ಡಿಸೈನ್ ಅಂಗಡಿ. ಗಿರಾಕಿಗಳ ಪೆನ್‌ಡ್ರೈವಿನಿಂದ ವಾರಕ್ಕೊಂದು ವೈರಸ್ ಬಂದು ಸಾಕಾಗಿ, ಯೂಟ್ಯೂಬ್ ನೋಡಿಕೊಂಡು ತಾನೇ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದ. ಆ ವಿಷಯದಲ್ಲಿ ಅವನು ನನ್ನ ಎಷ್ಟೋ ಸಹೋದ್ಯೋಗಿಗಳಿಗಿಂತ ಧೈರ್ಯಸ್ಥ.

"ಅಣ್ಣ, ಪಾಸ್‌ವರ್ಡ್ ಹೊಡುದ್ರೆ ಒಳಕ್ಕೆ ಹೋಗ್ತೈತೆ, ಮತ್ತೆ ಅಲ್ಲಿಗೇ ಬಂದು ನಿಂತ್ಕೊತೈತೆ."

ಲಿನಕ್ಸಿನಲ್ಲಿ ಹೀಗಾದರೆ ಮೊದಲು ಅನುಮಾನಪಡಬೇಕಾದ್ದು ತುಂಬಿದ ಡಿಸ್ಕನ್ನು. ಲಾಗಿನ್ ಆಗುವಾಗ ಒಂದೆರಡು ಚಿಕ್ಕ ಫೈಲು ಬರೆಯಬೇಕು, ಅದಕ್ಕೂ ಜಾಗವಿಲ್ಲದಿದ್ದರೆ ಕಂಪ್ಯೂಟರು ಬಾಗಿಲಿನಿಂದಲೇ ವಾಪಸ್ ಕಳಿಸುತ್ತದೆ. ನನಗೆ ಗಾಬರಿ ಆದದ್ದು ಅವನ ಮುಂದಿನ ಮಾತಿಗೆ. ಸರ್ವಿಸ್ ಹುಡುಗನೊಬ್ಬ ಬಂದು ನೋಡಿ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಕೊಡ್ತೀನಿ, ಅರ್ಧ ಗಂಟೆ ಕೆಲಸ ಅಂದಿದ್ದನಂತೆ. "ಹಾಕುಸ್‌ಬುಡ್ಲಾ? ಏನೂ ಹೋಗಲ್ಲ, ಟೈಮ್‌ಶಿಫ್ಟ್ ಐತೆ ಬಿಡಣ್ಣ."

ಯಾರಿಗೂ ಮುಟ್ಟೋಕೆ ಬಿಡಬೇಡ, ಪ್ಲಗ್ ಕಿತ್ತಿಡು, ಶನಿವಾರ ಬರ್ತೀನಿ ಅಂದೆ.

ಟೈಮ್‌ಶಿಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಟೋನಿ ಜಾರ್ಜ್ ಎಂಬ ಡೆವಲಪರ್ ಬರೆದ, 2022ರಿಂದ ಲಿನಕ್ಸ್ ಮಿಂಟ್ ತಂಡವೇ ನೋಡಿಕೊಳ್ಳುತ್ತಿರುವ ಪ್ರೋಗ್ರಾಮ್ ಅದು. ಸಿಸ್ಟಮ್ ಈ ಹೊತ್ತಿಗೆ ಹೇಗಿದೆಯೋ ಹಾಗೇ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ. ಅಪ್‌ಡೇಟ್ ಮಾಡಿದ ಮೇಲೆ ಏನೋ ಕೆಟ್ಟು ಕುಳಿತರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ಒಳ್ಳೆಯ ಸಾಧನ. ಆದರೆ ಅದು ಕಾಯುವುದು ಸಿಸ್ಟಮನ್ನು ಮಾತ್ರ. ನಾವು ಫೋಟೋ, ಪತ್ರ, ಲೆಕ್ಕ ಎಲ್ಲ ಇಡುವ ಹೋಮ್ ಫೋಲ್ಡರನ್ನು, ನಾವಾಗಿ ಸೇರಿಸದ ಹೊರತು, ಅದು ಮುಟ್ಟುವುದೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಸಿಸ್ಟಮನ್ನು ಹಿಂದಕ್ಕೆ ತಿರುಗಿಸಿದಾಗ ನಿನ್ನೆ ಬರೆದ ಪತ್ರವೂ ಹಿಂದಕ್ಕೆ ಹೋಗಬಾರದಲ್ಲ. ಜೊತೆಗೆ, ಇವನ ಸ್ನ್ಯಾಪ್‌ಶಾಟುಗಳೆಲ್ಲ ಇದ್ದದ್ದು ಅದೇ ಡಿಸ್ಕಿನಲ್ಲಿ. ಫಾರ್ಮ್ಯಾಟ್ ಹೊಡೆದರೆ ಮೊದಲು ಹೋಗುವುದೇ ಟೈಮ್‌ಶಿಫ್ಟು.

ಇದನ್ನು ಅವನಿಗೆ ಇಂಗ್ಲಿಷ್ ಪದಗಳಲ್ಲಿ ಹೇಳಲು ಹೋಗಿ ಸೋತು, ಕೊನೆಗೆ ಆಲೂಗಡ್ಡೆಗೆ ಬಂದೆ. ನಮ್ಮ ಜಿಲ್ಲೆಯ ಆಲೂಗಡ್ಡೆ ನಮ್ಮದು ಅಂತ ಎಷ್ಟೇ ಹೇಳಿಕೊಂಡರೂ ಬಿತ್ತನೆ ಗಡ್ಡೆ ಬರುವುದು ಪಂಜಾಬಿನ ಜಲಂಧರದಿಂದ. ಮೇ ತಿಂಗಳು ಬಂತೆಂದರೆ ಹಾಸನದ ಎಪಿಎಂಸಿ ಯಾರ್ಡಿನ ಮುಂದೆ ಲಾರಿ, ಅರಕಲಗೂಡಿನಿಂದ, ಹೊಳೆನರಸೀಪುರದಿಂದ ಬಂದ ರೈತರ ಚೌಕಾಸಿ. ಈ ವರ್ಷದ ಬೆಳೆಗೆ ಅಂಗಮಾರಿ ಬಂದು ಎಲ್ಲ ಕೊಳೆತರೂ, ದುಡ್ಡು ಹೋಗುತ್ತದೆಯೇ ಹೊರತು ಮುಂದಿನ ವರ್ಷದ ಬೀಜ ಹೋಗುವುದಿಲ್ಲ, ಮತ್ತೆ ಲಾರಿ ಬರುತ್ತದೆ. ನಮ್ಮಜ್ಜಿ ಗುಡಾಣದಲ್ಲಿ ಬೂದಿ ಬೆರೆಸಿ ಇಡುತ್ತಿದ್ದ ರಾಗಿ ಬೀಜದ ಕಥೆ ಬೇರೆ. ಅದು ಆ ಮನೆಯಲ್ಲಿ ಹೋದರೆ ಹೋಯಿತು, ಯಾವ ಲಾರಿಯೂ ತರುವುದಿಲ್ಲ. ಲಿನಕ್ಸ್ ಸಿಸ್ಟಮ್ ಎಂಬುದು ಜಲಂಧರದ ಗಡ್ಡೆ. ಕೆಟ್ಟರೆ ಮಿಂಟ್ ಇರುವ ಪೆನ್‌ಡ್ರೈವ್ ಹಾಕಿ ಹೊಸದಾಗಿ ಬಿತ್ತಬಹುದು. ಹೋಮ್ ಫೋಲ್ಡರಿನಲ್ಲಿರುವುದು ಅಜ್ಜಿಯ ರಾಗಿ.

"ಅಂಗಾದ್ರೆ ಮೇಷ್ಟ್ರು ಹಾಡು?" ಅಂದ. ಅಲ್ಲಿಯವರೆಗೆ ಇದ್ದ ಉಡಾಫೆ ದನಿಯಲ್ಲಿ ಇರಲಿಲ್ಲ.

ಮೇಷ್ಟ್ರು ಎಂದರೆ ಅರಕಲಗೂಡು ಕಡೆಯ ಒಬ್ಬ ಡ್ರಾಮಾ ಮೇಷ್ಟ್ರು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಇನ್ನೂ ಜೋರಾಗಿಯೇ ನಡೆಯುತ್ತದೆ. ದುರ್ಯೋಧನನ ಪಾರ್ಟು ಬೇಕಾದವನು ತಾನೇ ದುಡ್ಡು ಕಟ್ಟಿ ಬಣ್ಣ ಹಚ್ಚಿಕೊಳ್ಳುವ, ಬೆಂಗಳೂರಿನ ರಂಗಭೂಮಿಯವರಿಗೆ ಅರ್ಥವಾಗದ ಅರ್ಥಶಾಸ್ತ್ರ ಅದು. ಹಾರ್ಮೋನಿಯಂ ಹಿಡಿದು ಮೂರು ತಿಂಗಳು ಊರಿನವರಿಗೆ ಹಾಡು ಕಲಿಸುವವರು ಇಂಥ ಮೇಷ್ಟ್ರುಗಳು. ಇವರು ನಲವತ್ತು ವರ್ಷ ಬರೆದಿಟ್ಟುಕೊಂಡ ನೋಟ್‌ಬುಕ್ಕುಗಳನ್ನು, ಯಾವ ಹಾಡಿಗೆ ಯಾವ ಮಟ್ಟು, ಗಂಟಲಿಲ್ಲದ ಭೀಮನಿಗೆ ಎಲ್ಲಿ ಎಷ್ಟು ಇಳಿಸಬೇಕು ಎಂಬ ಟಿಪ್ಪಣಿ ಸಮೇತ, ನನ್ನ ತಮ್ಮ ಎರಡು ವರ್ಷದಿಂದ ಬಿಡುವಾದಾಗ ಟೈಪ್ ಮಾಡುತ್ತಿದ್ದ. ಅಷ್ಟರಲ್ಲಿ ಮೂಲದ ಎರಡು ನೋಟ್‌ಬುಕ್ಕು ಹೆಂಚಿನ ಸೋರಿಕೆಗೆ ನೆಂದು ಮುದ್ದೆಯಾಗಿವೆ. ಆ ಎರಡರ ಮಟ್ಟಿಗೆ ಭೂಮಿಯ ಮೇಲಿದ್ದ ಏಕೈಕ ಪ್ರತಿ ಅವನ ಹೋಮ್ ಫೋಲ್ಡರು. ಸರ್ವಿಸ್ ಹುಡುಗನ ಅರ್ಧ ಗಂಟೆ ಅದಕ್ಕೇ ಬರುತ್ತಿತ್ತು.

ಶನಿವಾರ ಬೆಳಗಿನ ರೈಲಿಗೆ ಚನ್ನರಾಯಪಟ್ಟಣದಲ್ಲಿ ಇಳಿದು (2017ರಲ್ಲಿ ಈ ಲೈನ್ ಪೂರ್ತಿಯಾದಾಗಿನಿಂದ ನಮಗೆ ಬೆಂಗಳೂರು ಹತ್ತಿರವಾಗಿದೆ) ಅಕ್ಕನ ಮನೆಯಲ್ಲಿ ಅಕ್ಕಿರೊಟ್ಟಿ ತಿಂದು ಬಸ್ಸು ಹಿಡಿದೆ. ಅಂಗಡಿಯಲ್ಲಿ ಮೊದಲು ಮಾಡಿದ್ದು ರಿಪೇರಿಯಲ್ಲ. ಮಿಂಟ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಹೋಮ್ ಫೋಲ್ಡರನ್ನು ಇಡಿಯಾಗಿ ನನ್ನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಅದು ಮುಗಿಯುವವರೆಗೆ ಇಬ್ಬರೂ ಎರಡೆರಡು ಟೀ ಕುಡಿದೆವು, ಬೇರೇನೂ ಮುಟ್ಟಲಿಲ್ಲ.

128 ಜಿಬಿ ಅಂತ ಮಾರುವ ಎಸ್‌ಎಸ್‌ಡಿಯಲ್ಲಿ, ಕಂಪ್ಯೂಟರಿನ ಲೆಕ್ಕದಲ್ಲಿ, ಕೈಗೆ ಸಿಗುವುದು 119ರಷ್ಟು. ಸಿಸ್ಟಮ್ 15, ಹೋಮ್ 40, ಅಂಗಡಿಯ ಕೆಲಸಕ್ಕೆಂದು ಹೋಮಿನ ಹೊರಗೆ ಮಾಡಿಕೊಂಡ ಒಂದು ಫೋಲ್ಡರು 8, ಸ್ನ್ಯಾಪ್‌ಶಾಟುಗಳು 50. ಟೈಮ್‌ಶಿಫ್ಟಿನಲ್ಲಿ ತಿಂಗಳು, ವಾರ, ದಿನ, ಗಂಟೆ, ಬೂಟ್ ಎಂಬ ಐದು ಆಯ್ಕೆಗಳಿವೆ. ಅದಾಗಿ ಇಟ್ಟುಕೊಳ್ಳುವ ಸಂಖ್ಯೆ ಕ್ರಮವಾಗಿ 2, 3, 5, 6, 5. ಇವನು ಐದಕ್ಕೂ ಟಿಕ್ ಹಾಕಿದ್ದ, ಅಂದರೆ 21ರವರೆಗೆ. ಯುಪಿಎಸ್ ಬ್ಯಾಟರಿ ಸತ್ತಿದ್ದರಿಂದ ಕರೆಂಟು ಹೋಗಿ ಬಂದಾಗಲೆಲ್ಲ ಒಂದು ಬೂಟು, ಬೂಟಾಗಿ ಹತ್ತು ನಿಮಿಷಕ್ಕೆ ಒಂದು ಸ್ನ್ಯಾಪ್‌ಶಾಟು.

ಒಂದೊಂದು ಸ್ನ್ಯಾಪ್‌ಶಾಟಿನ ಗಾತ್ರವನ್ನು ಬೇರೆ ಬೇರೆಯಾಗಿ ಕೇಳಿದರೆ ಎಲ್ಲವೂ 23 ಜಿಬಿ ಆಸುಪಾಸು ಎನ್ನುತ್ತಿತ್ತು. "ಒಂದ್ ತೆಗುದ್ರೆ 23 ಬರ್ತದಲ್ಲಣ್ಣ, ಸಾಕು" ಅಂದ. ಅತ್ಯಂತ ಹಳೆಯದನ್ನು ಅಳಿಸಿದೆವು. ಸಿಕ್ಕ ಜಾಗ ಒಂದು ಜಿಬಿಯೂ ಇಲ್ಲ. ಅವನ ಮುಖ ನೋಡಬೇಕಿತ್ತು.

ಇಲ್ಲಿ ಟೈಮ್‌ಶಿಫ್ಟಿನ ಜಾಣತನ ಅರ್ಥವಾಗಬೇಕು. ಅದರ ಹೊಟ್ಟೆಯಲ್ಲಿ ಕೆಲಸ ಮಾಡುವುದು ಆರ್‌ಸಿಂಕ್, 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಬರೆದದ್ದು. ಮೊದಲ ಸ್ನ್ಯಾಪ್‌ಶಾಟು ಎಲ್ಲ ಫೈಲುಗಳ ಪೂರ್ತಿ ನಕಲು. ಎರಡನೆಯದರಿಂದ, ಬದಲಾಗದ ಫೈಲನ್ನು ಮತ್ತೆ ನಕಲು ಮಾಡದೆ, ಇರುವ ನಕಲಿಗೇ ಇನ್ನೊಂದು ಹೆಸರು ಕೊಡುತ್ತದೆ. ಹಾರ್ಡ್ ಲಿಂಕ್ ಅನ್ನುತ್ತಾರೆ. ಜಂಟಿ ಖಾತೆಯ ಪಹಣಿ ನೆನೆಸಿಕೊಳ್ಳಿ. ಜಮೀನು ಎರಡೇ ಎಕರೆ, ಹೆಸರು ಐದು. ಪ್ರತಿಯೊಬ್ಬನನ್ನೂ ಪ್ರತ್ಯೇಕವಾಗಿ ಕೇಳಿದರೆ 'ನಂದು ಎರಡೆಕರೆ ಐತೆ' ಅನ್ನುತ್ತಾನೆ. ಐದು ಜನರದನ್ನು ಕೂಡಿಸಿ ಹತ್ತೆಕರೆ ಎಂದರೆ ಸರ್ವೆಯವನು ನಗುತ್ತಾನೆ. ಹಾಗೇ ಒಬ್ಬನ ಹೆಸರು ತೆಗೆಸಿದರೆ ಜಮೀನೇನೂ ಖಾಲಿಯಾಗುವುದಿಲ್ಲ, ಕೊನೆಯ ಹೆಸರೂ ಹೋಗಬೇಕು. ಆದ್ದರಿಂದ ಸ್ನ್ಯಾಪ್‌ಶಾಟುಗಳ ಗಾತ್ರ ನೋಡುವಾಗ ಒಂದೊಂದನ್ನೇ ನೋಡಬಾರದು, ಒಟ್ಟಿಗೆ ಅಳೆಯಬೇಕು.

ಜಾಗ ತಿನ್ನುವುದು ಬದಲಾದ ಫೈಲುಗಳು. ಹಾರ್ಡ್ ಲಿಂಕಿಗೆ ಅರ್ಧಂಬರ್ಧ ಗೊತ್ತಿಲ್ಲ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಇಡೀ ಫೈಲು ಹೊಸದಾಗಿ ನಕಲಾಗುತ್ತದೆ. ಇವನ ಅಂಗಡಿ ಫೋಲ್ಡರಿನಲ್ಲಿದ್ದದ್ದು ಒಂದೊಂದೂ 300, 400 ಎಂಬಿಯ ಫ್ಲೆಕ್ಸ್ ಡಿಸೈನುಗಳು. ಗಣಪತಿ ಹಬ್ಬದ ಬ್ಯಾನರಿನಲ್ಲಿ ಶುಭ ಕೋರುವವರ ಪಟ್ಟಿಗೆ ಒಬ್ಬರ ಹೆಸರು ಸೇರಿಸಿದರೆ ಒಂದು ಸೇವ್. ಇನ್ನೊಬ್ಬರು ಬಂದು ತಮ್ಮ ಫೋಟೋ ಚಿಕ್ಕದಾಯ್ತು ಅಂತ ತಕರಾರು ತೆಗೆದರೆ ಮತ್ತೊಂದು ಸೇವ್. ಗಂಟೆಗೊಂದು ಸ್ನ್ಯಾಪ್‌ಶಾಟು ಅವೆಲ್ಲವನ್ನೂ ಶ್ರದ್ಧೆಯಿಂದ ಬೇರೆ ಬೇರೆಯಾಗಿ ಎತ್ತಿಟ್ಟುಕೊಂಡಿತ್ತು.

ಅದಾದರೂ ನಗುವ ವಿಷಯ. ನಗು ಬಾರದ್ದು ಇನ್ನೊಂದಿತ್ತು. ಸ್ಕ್ಯಾನ್ ಮಾಡಿದ ಗಿರಾಕಿಗಳ ಕಾಗದಪತ್ರಗಳೂ ಅದೇ ಫೋಲ್ಡರಿಗೆ ಬೀಳುತ್ತಿದ್ದವು. ಇವನು ಪ್ರಾಮಾಣಿಕ, ದಿನಾ ರಾತ್ರಿ ಬಾಗಿಲು ಹಾಕುವ ಮುಂಚೆ ಎಲ್ಲವನ್ನೂ ಅಳಿಸುತ್ತಿದ್ದ. ಆದರೆ ಎರಡು ತಿಂಗಳ ಹಿಂದಿನ ಸ್ನ್ಯಾಪ್‌ಶಾಟು ತೆರೆದು ನೋಡಿದರೆ ಅಂದು ಮಧ್ಯಾಹ್ನ ಅಂಗಡಿಗೆ ಬಂದಿದ್ದವರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಯಾರದೋ ಮರಣ ಪ್ರಮಾಣಪತ್ರ, ಎಲ್ಲ ಹಾಗೇ ಕುಳಿತಿದ್ದವು. ಅಂದೇ ಹೋಗಬೇಕಾಗಿದ್ದ ಕಾಗದಗಳನ್ನು 50 ಜಿಬಿ ಖರ್ಚು ಮಾಡಿ ಕಾಪಾಡಲಾಗಿತ್ತು. ಮೇಷ್ಟ್ರ ಹಾಡುಗಳು ಒಂದು ಸ್ನ್ಯಾಪ್‌ಶಾಟಿನಲ್ಲೂ ಇರಲಿಲ್ಲ. ಟೈಪ್ ಮಾಡಿದ ಹಾಡುಗಳೆಲ್ಲ ಸೇರಿ 6 ಎಂಬಿ, ಅವರು ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಇನ್ನೆರಡು ಜಿಬಿ.

ಮುಂದಿನದು ಬೇಗ ಮುಗಿಯಿತು. ಟೈಮ್‌ಶಿಫ್ಟಿನ ಒಳಗಿನಿಂದಲೇ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿ, ಮಾಮೂಲಿಯಾಗಿ ಬೂಟ್ ಮಾಡಿದೆವು, ಲಾಗಿನ್ ಆಯಿತು. ಅಂಗಡಿ ಫೋಲ್ಡರನ್ನು ಸ್ನ್ಯಾಪ್‌ಶಾಟಿನಿಂದ ಹೊರಗಿಟ್ಟು ಹೊಸದೊಂದು ತೆಗೆದೆವು, 15 ಜಿಬಿ. ಆಮೇಲೆ ಆ ಹಳೆಯ ಒಂದನ್ನೂ ತೆಗೆದೆವು. ಗಂಟೆ, ಬೂಟು, ದಿನ, ತಿಂಗಳು ಎಲ್ಲ ಬಂದ್. ವಾರದ್ದು ಎರಡು ಇದ್ದರೆ ಇಂಥ ಡಿಸ್ಕಿಗೆ ಧಾರಾಳ. ದೊಡ್ಡ ಅಪ್‌ಡೇಟಿಗೆ ಮುಂಚೆ ಕೈಯಾರೆ ಒಂದು ತೆಗೆದು, ವಾರದ ನಂತರ ಅದನ್ನೂ ಅಳಿಸುವುದು. ಡಿಸ್ಕಿನಲ್ಲಿ ಹತ್ತಿರ ಹತ್ತಿರ 40 ಜಿಬಿ ಉಸಿರಾಡುತ್ತಿತ್ತು. (ನಿಮ್ಮಲ್ಲಿ ಬಿಟಿಆರ್‌ಎಫ್‌ಎಸ್ ಬಳಸುವ ಜಾಣರು, ನಮ್ಮಲ್ಲಿ ಬದಲಾದ ತುಣುಕಷ್ಟೇ ಜಾಗ ತಿನ್ನುತ್ತದೆ ಅಂತ ಹೇಳುತ್ತೀರಿ. ನಿಜ. ಆದರೆ ಅಲ್ಲೂ ಸ್ನ್ಯಾಪ್‌ಶಾಟು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕು ಸತ್ತರೆ ಎರಡೂ ಸತ್ತವು.)

ಹೋಮಿನ 40 ಜಿಬಿಯನ್ನು ಕುಳಿತು ಜಾಲಾಡಿದಾಗ ಇನ್ನೊಂದು ಸತ್ಯ ಹೊರಬಿತ್ತು. ಮುಕ್ಕಾಲು ಪಾಲು ಸಿನಿಮಾ, ಇಳಿಸಿಕೊಂಡ ಫಾಂಟು, ಪಹಣಿಯ ಪಿಡಿಎಫ್‌ಗಳು. ಪಹಣಿ ಬೇಕಾದಾಗ ಸರ್ಕಾರದ ಜಾಲತಾಣದಿಂದ ಮತ್ತೆ ಬರುತ್ತದೆ, ಅದೂ ಜಲಂಧರದ ಗಡ್ಡೆಯೇ. ನಿಜವಾಗಿ ಅಜ್ಜಿಯ ರಾಗಿ ಎನ್ನಬಹುದಾದ್ದು, ಮನೆಯ ಫೋಟೋ, ಸಾಲದ ಲೆಕ್ಕ, ಮೇಷ್ಟ್ರ ಹಾಡು ಎಲ್ಲ ಸೇರಿ 9 ಜಿಬಿ ಆಯಿತು. ಅದಕ್ಕೊಂದು ಬೇರೆ ಫೋಲ್ಡರು. ಒಂದು ಪ್ರತಿ ಅಂಗಡಿಯ ಪೆನ್‌ಡ್ರೈವಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಚನ್ನರಾಯಪಟ್ಟಣದ ಅಕ್ಕನ ಮನೆಗೆ, ಮತ್ತೊಂದು ನನ್ನ ಹತ್ತಿರ. ಹಾರ್ಡ್ ಡಿಸ್ಕು ಎಲ್ಲಿಟ್ಟರೆ ಸರಿ ಅಂತ ಅಕ್ಕ ಕೇಳಿದಳು. ಬಿಸಿಲು, ನೀರು, ಮಕ್ಕಳು ಇಲ್ಲದ ಕಡೆ ಅಂದೆ. ಈಗದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ಇದೆ. ಅಮಾವಾಸ್ಯೆ ದಿನ ಅಂಗಡಿಗೆ ಕುಂಬಳಕಾಯಿ ಒಡೆಯುವಾಗ ಹೇಗೂ ಕಂಪ್ಯೂಟರು ಖಾಲಿ ಇರುತ್ತದೆ, ತಮ್ಮ ಅವತ್ತು ಪೆನ್‌ಡ್ರೈವಿನ ಪ್ರತಿ ಹೊಸದು ಮಾಡುತ್ತಾನೆ. ಚನ್ನರಾಯಪಟ್ಟಣದ್ದು ಹಬ್ಬಕ್ಕೆ ಹೋದಾಗ.

ಭಾನುವಾರ ಇಬ್ಬರೂ ಬೈಕಿನಲ್ಲಿ ಅರಕಲಗೂಡಿನ ದಾರಿ ಹಿಡಿದೆವು. ಮೇಷ್ಟ್ರಿಗೂ ಒಂದು ಪ್ರತಿ ಇರಲಿ ಅಂತ ಪೆನ್‌ಡ್ರೈವ್ ಒಯ್ದಿದ್ದೆ, ಜೊತೆಗೆ ನೆಂದು ಹೋದ ಆ ಎರಡು ನೋಟ್‌ಬುಕ್ಕುಗಳ ಹಾಡು ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡಿಸಿದ್ದು. ಪೆನ್‌ಡ್ರೈವನ್ನು ಅವರು ಒಮ್ಮೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಇದ್ರಲ್ಲಿ ನಾನೇನ್ ಓದ್ಲಪ್ಪ? ನೀನೇ ಇಟ್ಕೋ." ಪುಸ್ತಕವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಏರಿಸಿದರು. ನಾಲ್ಕನೇ ಪುಟಕ್ಕೆ ನಿಂತರು.

"ಇದು ತಪ್ಪು. ಕೃಷ್ಣ ಇಲ್ಲಿ ಮೇಲಕ್ಕೆ ಹೋಗಂಗಿಲ್ಲ."

ಜೇಬಿನಿಂದ ಪೆನ್ನು ತೆಗೆದು ತಿದ್ದಿದರು. ಮುಂದಿನ ಪುಟದಲ್ಲಿ ಒಂದು, ಅದರ ಮುಂದಿನದರಲ್ಲಿ ಎರಡು. ನಾವು ಹೊರಡುವ ಹೊತ್ತಿಗೆ ಹನ್ನೊಂದು ತಿದ್ದುಪಡಿಗಳಾಗಿದ್ದವು. ಪುಸ್ತಕ ಕೊಡಿ ಸ್ಕ್ಯಾನ್ ಮಾಡಿ ತರ್ತೀವಿ ಎಂದರೆ, ಪ್ರಾಕ್ಟೀಸ್ ನಡೀತಾ ಐತೆ, ನಾಟಕ ಮುಗಿಯವರೆಗೂ ಕೊಡಕ್ಕಾಗಲ್ಲ ಎಂದುಬಿಟ್ಟರು. ತಮ್ಮ ಮೊಬೈಲ್ ತೆಗೆದು, ಅವರು ಬೇಡ ಅನ್ನುವಷ್ಟರಲ್ಲಿ ಏಳು ಪುಟ ಫೋಟೋ ಹೊಡೆದುಕೊಂಡ.