ಸುಂಕದ ಲೆಕ್ಕ, ದಾಹದ ಲೆಕ್ಕ

ಬಂಟ್ವಾಳದಿಂದ ಬೆಂಗಳೂರಿಗೆ ಕಾರಿನಲ್ಲಿ ಹೊರಡುವಾಗ ನಾವು ಗಂಡಸರು ಹಾಕುವುದು ಎರಡೇ ಲೆಕ್ಕ: ಪೆಟ್ರೋಲಿಗೆಷ್ಟು, ಟೋಲಿಗೆಷ್ಟು. ಮನೆಯ ಹೆಂಗಸರದ್ದು ಬೇರೆಯೇ ಲೆಕ್ಕ. ಬೆಳಿಗ್ಗೆ ಅರ್ಧ ಲೋಟ ಚಹಾ, ಒಂದು ಗುಟುಕು ನೀರು. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟುವವರೆಗೂ ದಾಹ ತಡೆದುಕೊಳ್ಳಬೇಕು. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಕ್ಕೀತೆಂಬ ಭರವಸೆ ಅವರಿಗಿಲ್ಲ.

ಯುರೋಪಿನಲ್ಲಿ ದೇಶಕ್ಕೊಂದು ರೀತಿ. ಸ್ವಿಟ್ಜರ್ಲೆಂಡಿನಲ್ಲಿ 40 ಫ್ರಾಂಕ್ ಕೊಟ್ಟರೆ ವರ್ಷವಿಡೀ ಹೆದ್ದಾರಿಯಲ್ಲಿ ಓಡಾಡಬಹುದು. ಫ್ರಾನ್ಸಿನ ಹೆಚ್ಚಿನ ಹೆದ್ದಾರಿಗಳಲ್ಲಿ ದೂರಕ್ಕೆ ತಕ್ಕ ಸುಂಕ. ವಿಶ್ರಾಂತಿ ತಾಣದ ಶೌಚಾಲಯ ಮಾತ್ರ ಸಾಮಾನ್ಯವಾಗಿ ಉಚಿತ. ಜರ್ಮನಿಯಲ್ಲಿ ಕಾರಿಗೆ ಸುಂಕವೇ ಇಲ್ಲ, ಆದರೆ ಅನೇಕ ತಾಣಗಳಲ್ಲಿ ಶೌಚಾಲಯಕ್ಕೆ 1 ಯೂರೋ. ಹಣ ಎಲ್ಲಿಯೇ ತೆತ್ತರೂ ಸೌಲಭ್ಯ ರಸ್ತೆಯ ಭಾಗವೆಂಬ ತಿಳಿವಳಿಕೆ ಅಲ್ಲಿದೆ.

ನಮ್ಮಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಹಾಸನ ದಾಟಿ ಶಾಂತಿಗ್ರಾಮಕ್ಕೆ ಬಂದರೆ ಸುಂಕ ತಾನಾಗಿಯೇ ಕಡಿತವಾಗುತ್ತದೆ. 2023ರ ಜೂನ್ 11ರಂದು ಜಾರಿಯಾದ 'ಶಕ್ತಿ' ಯೋಜನೆ ಸರಕಾರಿ ಬಸ್ಸಿನಲ್ಲಿ ರಾಜ್ಯದ ಮಹಿಳೆಯರ ಟಿಕೆಟಿನ ಭಾರ ಇಳಿಸಿತು. ದಾಹದ ಭಾರ ಇಳಿದಿಲ್ಲ.

ಹಿಂದೆ ದಾರಿಬದಿಯಲ್ಲಿ ಛತ್ರ, ಮುಸಾಫಿರಖಾನೆ, ಅರವಟ್ಟಿಗೆ ಕಟ್ಟಿಸಿದವರಿಗೆ ಪಯಣಿಗರ ಕಷ್ಟ ಗೊತ್ತಿತ್ತು. ರಸ್ತೆ ಎಷ್ಟು ಅಗಲವಾಯಿತು ಎಂದು ಕೇಳುವ ನಾವು, ಅದರ ಮೇಲೆ ಸಾಗುವ ಹೆಂಗಸರು ನಿಶ್ಚಿಂತೆಯಿಂದ ಎಷ್ಟು ನೀರು ಕುಡಿದರು ಎಂದೂ ಕೇಳಬೇಕು.