ಸೂಳೆಕೆರೆಯಲ್ಲಿ ನಮ್ಮದೂ ಒಂದು ಸಮುದ್ರಯಾನ!

'ದಿ ಗನ್ಸ್ ಆಫ್ ನವರೋನ್' (1961) ನೋಡಿದವರಿಗೆ ಗ್ರೀಸಿನ ಕಡಲು, ಬಿರುಗಾಳಿ, ನುಚ್ಚುನೂರಾಗುವ ದೋಣಿ ನೆನಪಿರಬೇಕು. ಅಷ್ಟು ದೂರ ಯಾಕೆ ಸ್ವಾಮಿ? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಬನ್ನಿ. ಶಾಂತಿಸಾಗರ ಅಂತಲೂ ಹೆಸರು. ರಾಜಕುಮಾರಿ ಶಾಂತವ್ವ ಕಟ್ಟಿಸಿದಳೆಂದು ಐತಿಹ್ಯ. ಚಿತ್ರದುರ್ಗಕ್ಕೂ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ.

ನನ್ನ ಜೊತೆ ಇಬ್ಬರು ಗೆಳೆಯರು. ತುಂಗಭದ್ರೆಯಲ್ಲಿ ಈಜಿ ಬೆಳೆದ ಹೊನ್ನಾಳಿಯವನು ಹೀರೋ ಥರ ತೆಪ್ಪಕ್ಕೆ ಹಾರಿದ. ತೆಪ್ಪ ಗಿರ್ರನೆ ತಿರುಗಿತು, ಬುತ್ತಿ ನೀರುಪಾಲಾಯ್ತು! "ನಡುಮಧ್ಯೆ ಕುಂತ್ಕಳ್ರಪ್ಪಾ, ಕುಣೀಬೇಡಿ" ಅಂತ ಅಂಬಿಗಜ್ಜ ಗದರಿದ. ಒಳಗೆ ಹೋದಂತೆ ಗಾಳಿ ಎದ್ದಿತು. ಮೂವರ ಬಾಯೂ ಬಂದ್. ಅಜ್ಜ ಮಾತ್ರ ಬೀಡಿ ಕಚ್ಚಿಕೊಂಡೇ ಹುಟ್ಟು ಹಾಕಿದ.

ಗಾಳಿ ತಗ್ಗಿದ ಮೇಲೆ ಬರದ ಸೀಮೆ ಜಗಳೂರಿನವನು ಬೊಗಸೆ ತುಂಬ ನೀರೆತ್ತಿ, "ಇದರಾಗ ಕಾಲುಭಾಗ ನಮ್ಮೂರಾಗ ಇದ್ದಿದ್ರೆ..." ಅಂದ. ನಮಗೆ ಉತ್ತರ ಹೊಳೆಯಲಿಲ್ಲ.

ಗಾಳಿ ದಿನ ಈಜು ಬಾರದವರು ದಡದಲ್ಲೇ ಕೂತು ಮಂಡಕ್ಕಿ-ಮಿರ್ಚಿ ತಿನ್ನಿ. ಸೂರ್ಯಾಸ್ತ ಅಲ್ಲಿಂದಲೂ ಚೆಂದವೇ!